ಅಂಗನವಾಡಿಗೆ ನುಗ್ಗಿದ ಜಿಂಕೆ

ಹುಣಸೆಕುಂಟೆ,
ಕೆ.ಆರ್. ಪುರಂ ದಾಟಿ
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಭಾಗ್ಯಕ್ಕನಿಗೆ,

ನಮೋ ಬುದ್ಧಾಯ. ನಿನ್ನ ತಂಗಿ ಯಮುನಾಳ ನಮಸ್ಕಾರ. ಸಂಕ್ರಾಂತಿಗೆ ಮೊದಲೇ ನೀನು ಬರೆದಿದ್ದ ಕಾಗದಕ್ಕೆ ಈಗ ಕೂತು ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಅಂಗನವಾಡಿ ಟೀಚರ್ ಅಂದರೆ ಮಕ್ಕಳಿಗೆ ಹಾಡು ಹೇಳಿಕೊಡುವವಳು ಅಂತ ಜನ ತಿಳಿದಿದ್ದಾರೆ. ಸರ್ವೆ, ಲಸಿಕೆ, ಬಾಣಂತಿಯರ ತೂಕ ಎಲ್ಲಾ ನಮ್ಮ ತಲೆಗೇ. ನಿನಗೆ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಒಂದು ಕೂಗಿದರೆ ನಿನಗೆ ಇನ್ನೊಂದು ಕೇಳಿಸುತ್ತದೆ. ಕಾಗದವಾದರೆ ಸಮಾಧಾನವಾಗಿ ಎಲ್ಲವನ್ನೂ ಹೇಳಬಹುದು.

ನಾವೆಲ್ಲ ಚೆನ್ನಾಗಿದ್ದೇವೆ. ಸ್ಫೂರ್ತಿಗೆ ಎಂಟನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂತು. ಅವಳಪ್ಪ ನರೇಶ್ ಟ್ಯಾಂಕರ್ ಓಡಿಸುತ್ತಿದ್ದಾರೆ. ಬಿಸಿಲು ಶುರುವಾಯಿತಲ್ಲ, ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆದೂ ಹೊಡೆದೂ ಮನೆಗೆ ಬಂದರೆ ಸೋಫಾ ಮೇಲೇ ನಿದ್ದೆ.

ಈ ಸಲದ ದೊಡ್ಡ ಸುದ್ದಿ ಏನು ಗೊತ್ತಾ? ನಮ್ಮೂರಿಗೆ ಜಿಂಕೆ ಬಂದಿವೆ. ನಗಬೇಡ, ನಿಜವಾಗಿಯೂ ಬಂದಿವೆ. ಮೈಮೇಲೆ ಚುಕ್ಕೆ ಇರುವ ಜಿಂಕೆಗಳು. ಮಾಲೂರು ಕಡೆಯ ನೀಲಗಿರಿ ತೋಪುಗಳನ್ನು ಕಡಿದು ಲೇಔಟ್ ಮಾಡಿದರು, ಇದ್ದ ಜಾಗ ಹೋಗಿ ಕೆರೆಯಿಂದ ಕೆರೆಗೆ ನಡೆದು ಇಲ್ಲಿಗೆ ಬಂದವು ಅಂತ ಕೆಲವರು. ಯಾವುದೋ ಫಾರಂ ಹೌಸಿನವರು ಕದ್ದು ಸಾಕಿ, ಹೆದರಿಕೆಯಾಗಿ ಬಿಟ್ಟುಬಿಟ್ಟರು ಅಂತ ಇನ್ನು ಕೆಲವರು. ಮೊದಲು ಎರಡೋ ಮೂರೋ ಇದ್ದವು. ಈಗ ಕೆರೆಯಂಗಳದ ಹುಲ್ಲಿನಲ್ಲಿ ಒಂದು ಹಿಂಡೇ ಇದೆ. ಸಾಯಂಕಾಲ ರಸ್ತೆ ದಾಟುವಾಗ ಕಾರು, ಆಟೊಗಳೆಲ್ಲ ನಿಂತುಬಿಡುತ್ತವೆ. ಮೊದಮೊದಲು ನನಗೂ ಸಂತೋಷವಾಯಿತು. ನಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ತೋರಿಸಿದೆ. ಸೈಫ್ ಅಂತ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಅವನ ಮಗಳು ಅಲ್ಫಿಯಾ ನಾಲ್ಕು ವರ್ಷದ್ದು. ಅದು ಕೈ ಬೀಸಿ, "ಮಿಸ್, ಅದಕ್ಕೆ ಹೆಸ್ರೇನು?" ಅಂತ ಕೇಳಿದ್ದೇ ಕೇಳಿದ್ದು.

ಹೆಸರಿಟ್ಟವರೂ ಇದ್ದಾರೆ. ಕೆರೆ ಪಕ್ಕದ ಹೊಸ ಅಪಾರ್ಟ್‌ಮೆಂಟಿನಲ್ಲಿ ಪ್ರಿಯಂವದಾ ಅಂತ ಒಬ್ಬರು ಇದ್ದಾರೆ. ಇನ್ಶೂರೆನ್ಸ್ ಆಫೀಸಿನಲ್ಲಿ ರಿಟೈರ್ ಆದವರು, ಮೊದಲು ಜೀವನ್ ಬಿಮಾ ನಗರದಲ್ಲಿದ್ದರಂತೆ. ಅಂಗನವಾಡಿಗೆ ಆಟದ ಸಾಮಾನು ಕೊಟ್ಟಿದ್ದಾರೆ, ಒಳ್ಳೆಯ ಹೆಂಗಸು. ದಿನಾ ಬಾಳೆಹಣ್ಣು, ಚಪಾತಿ, ಕ್ಯಾರೆಟ್ಟು ತಂದು ಬೇಲಿ ಹತ್ತಿರ ಇಡುತ್ತಾರೆ. ಕೊಂಬಿನ ದೊಡ್ಡ ಗಂಡು ಜಿಂಕೆಗೆ ಚಂದು ಅಂತ ಹೆಸರು. "ನೋಡಿ ಯಮುನಾ, ಎಷ್ಟು ಸಾಧು! ನನ್ನ ಕೈಯಿಂದಲೇ ತಿನ್ನತ್ತೆ," ಅಂದರು. ಪಕ್ಕದಲ್ಲಿ ಸೊಪ್ಪು ಬೆಳೆಯುವ ಮುನಿರಾಜಪ್ಪ ನಿಂತಿದ್ದ. "ಸಾಧು ಅಂತೀರ. ನನ್ ಕೊತ್ತಂಬ್ರಿ ಮಡಿ ಬಂದು ನೋಡಿ ಒಂದ್ಸಲ. ಇವು ಬಂದ್ಮೇಲೆ ಇವನ್ನ ತಿನ್ನೋ ಚಿರತೇನೂ ಬತ್ತದೆ, ಅವಾಗ ಅದ್ಕೂ ಹೆಸ್ರಿಡಿ," ಅಂದ. ಅವರು ನಕ್ಕುಬಿಟ್ಟರು.

ಚಿರತೆ ಬಂದಿಲ್ಲ ಅಕ್ಕ. ಬಂದಿರುವುದು ನಾಯಿಗಳು. ನಮ್ಮ ಬೀದಿಯ ನಾಯಿಗಳಲ್ಲ. ಅವನ್ನು ನಾನು ಹೆಸರು ಹಿಡಿದು ಕರೆದರೆ ಬಾಲ ಅಲ್ಲಾಡಿಸುತ್ತವೆ. ಇವು ಎಲ್ಲಿಂದಲೋ ಚಪಾತಿಯ ವಾಸನೆಗೆ ಬಂದು ಸೇರಿದವು. ಹಾಗೆಯೇ ಒಂದು ದಿನ ಬೇಲಿ ಹತ್ತಿರ ಜಿಂಕೆ ಮರಿಯೊಂದನ್ನು ಹಿಡಿದವು. ನಾನು ಆಗ ಮಕ್ಕಳಿಗೆ ಮೊಟ್ಟೆ ತರಲು ಆ ದಾರಿಯಲ್ಲೇ ಹೋಗುತ್ತಿದ್ದೆ. ಹೇಗೆ ಹಿಡಿದವು ಅಂತ ನಿನಗೆ ಬರೆಯುವುದಿಲ್ಲ. ಆದರೆ ಅಂದಿನಿಂದ ಆ ನಾಯಿಗಳು ನೋಡುವ ರೀತಿಯೇ ಬೇರೆಯಾಗಿದೆ. ಬೊಗಳುವುದಿಲ್ಲ. ಬೆಳಿಗ್ಗೆ ನಮ್ಮ ಮಕ್ಕಳು ಬರುವಾಗ ರಸ್ತೆಯ ಆಚೆ ಬದಿಯಲ್ಲಿ ಸುಮ್ಮನೆ ಕೂತು ನೋಡುತ್ತವೆ. ನಾಲ್ಕು ವರ್ಷದ ಮಗು ಎಷ್ಟು ಎತ್ತರ ಇರುತ್ತದೆ ಹೇಳು? ಹೆಚ್ಚುಕಡಿಮೆ ಆ ಮರಿಯಷ್ಟೇ.

ನಮ್ಮ ಕಟ್ಟಡದ ಕಾಂಪೌಂಡು ನನ್ನ ಸೊಂಟದವರೆಗೂ ಇಲ್ಲ, ಗೇಟಿನ ಚಿಲಕ ಕಿತ್ತುಹೋಗಿದೆ. ಸರಿ ಮಾಡಿಸಿಕೊಡಿ ಅಂತ ಮೇಲಿನವರಿಗೆ ಹೇಳಿದ್ದೇನೆ. "ಮಾಡ್ಸೋಣ ಮೇಡಂ, ಮಾಡ್ಸೋಣ," ಅಂದಿದ್ದಾರೆ. ನರೇಶ್‌ಗೆ ಹೇಳಿದರೆ, "ನೀನು ಎಲ್ಲದಕ್ಕೂ ಹೆದರ್ತೀಯ," ಅನ್ನುತ್ತಾರೆ. ಹೆದರುತ್ತೇನೆ, ನಿಜ. ಬೆಳಿಗ್ಗೆ ಬೀಗ ತೆಗೆಯುವಾಗ ಬೆನ್ನಹಿಂದೆ ಏನೋ ನಿಂತಿದೆ ಅನ್ನಿಸಿ ತಿರುಗಿ ನೋಡುತ್ತೇನೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ
ಯಮುನಾ


ಹುಣಸೆಕುಂಟೆ
16 ಮಾರ್ಚ್ 2025, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮೋ ಬುದ್ಧಾಯ. ನೀನು ಗಾಬರಿಯಾಗಿ ಬರೆದ ಎರಡು ಕಾಗದಗಳೂ ತಲುಪಿದವು. ತಡವಾಯಿತು, ಕ್ಷಮಿಸು. ತೊಡೆಗೆ ಹೊಲಿಗೆ ಹಾಕಿದ್ದಾರೆ, ಕೂತು ಬರೆಯಲು ಆಗುತ್ತಿರಲಿಲ್ಲ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ಮಕ್ಕಳೆಲ್ಲ ಉಳಿದಿವೆ. ಯಾವ ಮಗುವಿಗೂ ಪ್ರಾಣಕ್ಕೆ ಅಪಾಯವಿಲ್ಲ. ಇಷ್ಟು ತಿಳಿದುಕೊಂಡು ಮುಂದೆ ಓದು. ನಿನ್ನ ಮಗ ಫೋನಿನಲ್ಲಿ ತೋರಿಸಿದ ವಿಡಿಯೊ ನೋಡಿ ನೀನು ಅತ್ತೆಯಂತೆ. ಅದರಲ್ಲಿ ಇರುವವಳು ನಾನೇ. ಆದರೆ ಅದರಲ್ಲಿ ಕಾಣುವುದು ನಡೆದದ್ದರ ಒಂದು ಚೂರು ಮಾತ್ರ. ಉಳಿದದ್ದನ್ನು ನಾನು ಹೇಳುತ್ತೇನೆ.

ಮಕ್ಕಳಿಗೆ ಊಟ ಬಡಿಸುವ ಹೊತ್ತು. ಜಮಖಾನದ ಮೇಲೆ ಸಾಲಾಗಿ ಕೂರಿಸಿದ್ದೆ. ಸಹಾಯಕಿ ಜಟ್ಟೆಮ್ಮ ಒಳಗೆ ಸಾಂಬಾರಿನ ಪಾತ್ರೆ ಇಳಿಸುತ್ತಿದ್ದಳು. ಹೊರಗೆ ಒಂದೇ ಸಮನೆ ಓಡುವ ಸದ್ದು ಕೇಳಿತು. ಯಾರೋ ಮಕ್ಕಳು ಓಡಿ ಬರುತ್ತಿವೆ ಅಂದುಕೊಂಡೆ. ಬಾಗಿಲ ಬೆಳಕು ಒಂದು ಕ್ಷಣ ಮರೆಯಾಯಿತು. ನೋಡಿದರೆ ಕೊಂಬಿನ ಆ ಗಂಡು ಜಿಂಕೆ ಒಳಗೇ ಇದೆ!

ನಯವಾದ ಟೈಲ್ಸ್ ಮೇಲೆ ಅದರ ಗೊರಸು ನಿಲ್ಲಲಿಲ್ಲ. ಜಾರಿಕೊಂಡು ಬಂದು ಗೋಡೆಗೆ ಬಡಿಯಿತು. ತೂಕದ ಮಷಿನ್ನು, ಕುರ್ಚಿಗಳು, ನೀರಿನ ಡ್ರಮ್ಮು ಎಲ್ಲ ಉರುಳಿದವು. ಅದರ ಹಿಂದೆಯೇ ನಾಯಿಗಳು ಗೇಟು ದಾಟಿದವು. "ಅಯ್ಯಯ್ಯೋ ಮಿಸ್ಸೇ, ನಾಯ್ಗೊಳು!" ಅಂತ ಜಟ್ಟೆಮ್ಮ ಓಡಿಬಂದು ಬಾಗಿಲಿನ ಕಬ್ಬಿಣದ ಗ್ರಿಲ್ ಎಳೆದಳು. ಪೂರ್ತಿ ಎಳೆಯುವಷ್ಟರಲ್ಲಿ ಒಂದು ನಾಯಿ ಅವಳ ಮುಂಗೈ ಹಿಡಿದುಬಿಟ್ಟಿತು. ಆ ವಯಸ್ಸಾದ ಹೆಂಗಸು ಗ್ರಿಲ್ ಬಿಡಲಿಲ್ಲ ಅಕ್ಕ. ನಾಯಿ ಕಚ್ಚಿ ಹಿಡಿದಿದ್ದಂತೆಯೇ ಇನ್ನೊಂದು ಕೈಯಲ್ಲಿ ಚಿಲಕ ಹಾಕಿದಳು.

ಈಗ ಹೊರಗೆ ನಾಯಿಗಳು. ಒಳಗೆ ಮಕ್ಕಳು, ನಾವಿಬ್ಬರು, ಆ ಜಿಂಕೆ. ಬಾಗಿಲು ಅದೊಂದೇ. ತೆಗೆದರೆ ಜಿಂಕೆ ಹೊರಗೆ ಹೋಗುವ ಮೊದಲು ನಾಯಿಗಳು ಒಳಗೆ ಬರುತ್ತವೆ. ತೆಗೆಯದಿದ್ದರೆ ಈ ಕೊಂಬು, ಈ ಗೊರಸು. ಟಿವಿಯಲ್ಲಿ ಜಿಂಕೆ ನೋಡಿದ್ದೇವಲ್ಲ, ಎಷ್ಟು ನಾಜೂಕು ಅನ್ನಿಸುತ್ತದೆ. ಒಂದು ಕೋಣೆಯೊಳಗೆ ಅದು ಎಷ್ಟು ದೊಡ್ಡದು ಅಂತ ನಿನಗೆ ಹೇಗೆ ಹೇಳಲಿ? ಅದರ ಬಾಯಿಂದ ನೊರೆ ಬರುತ್ತಿತ್ತು. ಕಣ್ಣು ಹೊರಗೆ ಬಂದಿತ್ತು. ಕಿಟಕಿಯ ಬೆಳಕನ್ನು ನೋಡಿ ನೋಡಿ ಸರಳಿಗೆ ಹಾರಿ, ಬಿದ್ದು, ಮತ್ತೆ ಹಾರುತ್ತಿತ್ತು. ಒಂದೊಂದು ಸಲ ಬಿದ್ದಾಗಲೂ ಮಕ್ಕಳು ಚೀರುತ್ತಿದ್ದವು, ಆ ಚೀರಾಟಕ್ಕೆ ಅದು ಇನ್ನೂ ಹುಚ್ಚಾಗುತ್ತಿತ್ತು.

ಕೈಗೆ ಸಿಕ್ಕ ಮಕ್ಕಳನ್ನು ಎತ್ತೆತ್ತಿ ಕಡಪ ಕಲ್ಲಿನ ಶೆಲ್ಫಿನ ಮೇಲೆ ಕೂರಿಸಿದೆ. ಉಳಿದವನ್ನು ಜಟ್ಟೆಮ್ಮ ಬೀರುವಿನ ಮೂಲೆಗೆ ನೂಕಿ ತಾನು ಅಡ್ಡ ನಿಂತಳು, ಸೆರಗೆಲ್ಲ ರಕ್ತ. ಆಗ ನೋಡುತ್ತೇನೆ, ಕೋಣೆಯ ಮಧ್ಯದಲ್ಲಿ ಅಲ್ಫಿಯಾ. ತಟ್ಟೆ ಮುಂದಿಟ್ಟುಕೊಂಡು ಕೂತಲ್ಲೇ ಕೂತಿದೆ. ಅಳುತ್ತಲೂ ಇಲ್ಲ. ಕೈಯಲ್ಲಿ ತುತ್ತು ಹಾಗೇ ಇದೆ.

ಕಿಟಕಿಯ ಆಚೆ ಹಿಂದಿನ ಗಲ್ಲಿ. ಅಲ್ಲಿಗೆ ನಾಯಿಗಳು ಹೋಗಿರಲಿಲ್ಲ, ಜನ ಸೇರಿದ್ದರು. ಕಿಟಕಿಯ ತುಂಬ ಫೋನುಗಳು. "ಮುಂದ್ಗಡೆ ಬಂದು ನಾಯಿ ಓಡಿಸ್ರೋ! ಮಕ್ಕಳಿದಾವೆ ಒಳಗೆ!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. "ಬಾಗ್ಲು ತೆಗೀರಿ, ಬಾಗ್ಲು ತೆಗೀರಿ," ಅಂತ ಒಂದು ದನಿ. "ತೆಗೀಬೇಡ್ರಿ," ಅಂತ ಇನ್ನೊಂದು. ಯಾರೂ ಅಲ್ಲಾಡಲಿಲ್ಲ. ಫೋನುಗಳ ಹಿಂದೆ ಮುಖಗಳೇ ಕಾಣಲಿಲ್ಲ.

ಜಿಂಕೆ ಮತ್ತೆ ಬಿದ್ದಾಗ ಮಗುವಿನ ಪಕ್ಕಕ್ಕೇ ಬಿತ್ತು. ಎದ್ದರೆ ಕೊಂಬು ನೇರ ಅದರ ಮುಖಕ್ಕೆ. ಜಮಖಾನದ ತುದಿ ನನ್ನ ಕಾಲ ಹತ್ತಿರವಿತ್ತು. ಅದನ್ನೆಳೆದು ಜಿಂಕೆಯ ತಲೆಯ ಮೇಲೆ ಹಾಕಿ, ಅದರ ಮೇಲೆ ನಾನೇ ಬಿದ್ದೆ. ಧೈರ್ಯ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ ಅಕ್ಕ. ಆ ಕೊಂಬನ್ನು, ಆ ಕಣ್ಣನ್ನು ಇನ್ನು ನೋಡಲಾರೆ ಅನ್ನಿಸಿತು, ಮುಚ್ಚಿಬಿಟ್ಟೆ. ಮೊದಲ ಒದೆತಕ್ಕೇ ತೊಡೆ ಸೀಳಿತು. ಆಮೇಲೆ, ಕಣ್ಣಿಗೆ ಕತ್ತಲಾದದ್ದಕ್ಕೋ ಏನೋ, ಅದು ಒದೆಯುವುದನ್ನು ನಿಲ್ಲಿಸಿತು. ನನ್ನ ಎದೆಯ ಕೆಳಗೆ ಅದರ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ಜೋರಾಗಿ ಹೊಡೆದುಕೊಳ್ಳುವುದನ್ನು ನಾನು ಎಂದೂ ಕೇಳಿಲ್ಲ.

ಆಗ ಬಂದವನು ಸೈಫ್. ಅಂಗಡಿಯಿಂದ ಟೈರ್ ಬಿಚ್ಚುವ ಕಬ್ಬಿಣ ಹಿಡಿದು ಓಡಿ ಬಂದು ಕಾಂಪೌಂಡು ಹಾರಿದ. "ಹಟ್! ಹಟ್!" ಅಂತ ಅವನು ಕೂಗುವುದು, ನಾಯಿ ಕುಂಯ್ ಅನ್ನುವುದು ಕೇಳಿಸಿತು. "ಟೀಚರ್, ನಾನು ಸೈಫ್! ಹೋದ್ವು ಎಲ್ಲಾ! ನೀವು ಅದನ್ನ ಹಂಗೇ ಹಿಡ್ಕೊಳ್ಳಿ!" ಅಂದ. ಗ್ರಿಲ್ ತೆಗೆಸಿ ಒಂದೊಂದೇ ಮಗುವನ್ನು ಹೊರಗೆ ದಾಟಿಸಿದ. ತನ್ನ ಮಗಳನ್ನು ಎತ್ತಿಕೊಂಡಾಗ ಅದು ಅಪ್ಪನನ್ನು, "ಅಬ್ಬಾ, ಜಿಂಕೆ ನಿದ್ದೆ ಮಾಡ್ತಾ?" ಅಂತ ಕೇಳಿತು.

ನಾನು ಹಿಡಿದೇ ಇದ್ದೆ. ಎಲ್ಲರೂ ಹೊರಗೆ ಹೋದ ಮೇಲೆ ಬಿಟ್ಟುಬಿಡೋಣ, ಬಾಗಿಲು ತೆರೆದಿದೆ, ಓಡಿ ಬದುಕಿಕೊಳ್ಳಲಿ ಅಂದುಕೊಂಡೆ. ಕೆಳಗೆ ಹೊಡೆದುಕೊಳ್ಳುತ್ತಿದ್ದ ಎದೆ ಒಮ್ಮೆ ತಪ್ಪಿತು. ಮತ್ತೊಮ್ಮೆ ತಪ್ಪಿತು. ಆಮೇಲೆ ಇಲ್ಲ. ಜಮಖಾನ ಸರಿಸಿದೆ. ಕಣ್ಣು ತೆರೆದೇ ಇತ್ತು.

ಆ ಸಾಯಂಕಾಲದೊಳಗೆ ವಿಡಿಯೊ ಎಲ್ಲರ ಫೋನಿಗೂ ಹೋಗಿತ್ತು. ಅದರಲ್ಲಿ ನಾಯಿಗಳಿಲ್ಲ, ಜಟ್ಟೆಮ್ಮನ ಕೈಯಿಲ್ಲ, ಮಗುವಿಲ್ಲ. ನಾನು ಜಿಂಕೆಯ ಮುಖಕ್ಕೆ ಬಟ್ಟೆ ಒತ್ತಿ ಅದರ ಮೇಲೆ ಬಿದ್ದಿರುವುದಷ್ಟೇ ಇದೆ. ಕೆಳಗೆ ಯಾರೋ ಬರೆದಿದ್ದರು: ಉಸಿರುಗಟ್ಟಿಸಿ ಕೊಂದ ಟೀಚರ್. ಅದರ ಕೆಳಗೆ ಇನ್ನೊಬ್ಬ: ಇವರ ಜನಕ್ಕೆ ಇದೇನು ಹೊಸದಾ, ಮನೆಗೆ ಹೋಗಿ ಪಾತ್ರೆ ನೋಡಿ.

ಹಾಗೆಯೇ ಬಂದರು ಅಕ್ಕ. ಆಸ್ಪತ್ರೆಯಿಂದ ನಾನು ಮನೆಗೆ ಬಂದು ಮಲಗಿದ ಮರುದಿನ, ಲೇಔಟಿನ ನಾಲ್ಕೈದು ಜನ ಗಂಡಸರು ಬಾಗಿಲಿಗೆ ಬಂದರು. ಗೋಡೆಯ ಮೇಲಿನ ಬುದ್ಧನನ್ನು ನೋಡಿದರು, ಬಾಬಾಸಾಹೇಬರನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಫ್ರಿಜ್ ತೋರ್ಸಿ," ಅಂದ ಒಬ್ಬ. ಜಿಂಕೆಯನ್ನು ಅರಣ್ಯ ಇಲಾಖೆಯವರು ನಿನ್ನೆಯೇ ತೆಗೆದುಕೊಂಡು ಹೋಗಿದ್ದಾರೆ ಅಂತ ನಾನು ಹಾಸಿಗೆಯಿಂದಲೇ ಹೇಳಿದೆ. "ನಿಮ್ಮನ್ನ ಕೇಳ್ಲಿಲ್ಲ," ಅಂದ. ನರೇಶ್ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು, "ನೋಡ್ಕೊಳ್ಳಿ ಸಾರ್," ಅಂದರು. ದೋಸೆ ಹಿಟ್ಟು, ಮೊಸರು, ಸ್ಫೂರ್ತಿಯ ಚಾಕೊಲೇಟು. ಅವರು ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡುವುದನ್ನು ಸ್ಫೂರ್ತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವರು ಹೋದ ಮೇಲೆ ಅವಳು ಆ ಹಿಟ್ಟನ್ನೆಲ್ಲ ಮೋರಿಗೆ ಸುರಿದಳು.

ಪ್ರಿಯಂವದಾ ಅವರೂ ಬಂದಿದ್ದರು. ಕಣ್ಣೆಲ್ಲ ಕೆಂಪಾಗಿತ್ತು. ನಿಂತುಕೊಂಡೇ, "ಅದು ನನ್ನ ಕೈಯಿಂದ ತಿಂತಿತ್ತು ರೀ. ನಿಮಗೆ ಹೇಗೆ ಮನಸ್ಸು ಬಂತು?" ಅಂದರು. ನಾನು ಹೊದಿಕೆ ಸರಿಸಿ ಬ್ಯಾಂಡೇಜು ತೋರಿಸಿದೆ. ಮಗು ಕೂತಿದ್ದ ಜಾಗ, ಕೊಂಬಿನ ಜಾಗ, ಎಲ್ಲವನ್ನೂ ಕೈಯಲ್ಲೇ ಅಳೆದು ಹೇಳಿದೆ. ಅವರು ಹಾಗೆಯೇ ಮಂಚದ ತುದಿಯಲ್ಲಿ ಕೂತರು. "ನಾನು ಇಟ್ಟ ಚಪಾತಿಗೇ ಆ ನಾಯಿಗಳು ಬಂದಿದ್ದು, ಅಲ್ವಾ?" ಅಂದರು. ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಪರವಾಗಿ ಬರೆದ ಮೊದಲಿಗರು ಅವರೇ ಅಂತ ಆಮೇಲೆ ಗೊತ್ತಾಯಿತು. ಅವರನ್ನೂ ಬೈದು ಗುಂಪಿನಿಂದ ತೆಗೆದರಂತೆ.

ಮೊನ್ನೆ ಅರಣ್ಯ ಇಲಾಖೆಯ ಮಧುಕರ್ ಅಂತ ಒಬ್ಬರು ಹೇಳಿಕೆ ಬರೆದುಕೊಳ್ಳಲು ಬಂದರು. ಜೀಪು ಬಾಗಿಲಿಗೆ ನಿಂತಾಗ ಸ್ಫೂರ್ತಿಯನ್ನು ಒಳಗೆ ಕಳಿಸಿದೆ. ಜಿಂಕೆ ಕೊಂದರೆ ಜೈಲು ಅಂತ ಎಲ್ಲರೂ ಹೆದರಿಸಿದ್ದರಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು: "ಹೆದರ್ಬೇಡಿ ಮೇಡಂ. ಡಾಕ್ಟ್ರು ಕೊಯ್ದು ನೋಡಿದಾರೆ. ಉಸಿರುಕಟ್ಟಿ ಸತ್ತಿಲ್ಲ. ನಾವು ಹಿಡಿಯುವಾಗ್ಲೂ ಕಣ್ಣಿಗೆ ಬಟ್ಟೇನೇ ಕಟ್ಟೋದು. ಓಡೀ ಓಡೀ, ಭಯಕ್ಕೇ ಅದರ ಹೃದಯ ನಿಂತಿದೆ." ಕೇಸು ಇಲ್ಲವಂತೆ. ಉಳಿದ ಜಿಂಕೆಗಳನ್ನು ಹಿಡಿದು ಕಾಡಿಗೆ ಬಿಡುತ್ತೀರಾ ಅಂತ ಕೇಳಿದೆ. "ಹಿಡಿಯುವಾಗ್ಲೇ ಅರ್ಧ ಸಾಯ್ತವೆ. ನೋಡೋಣ," ಅಂದರು.

ಅಂಗನವಾಡಿ ಮತ್ತೆ ತೆರೆದಿದೆ. ಗೇಟಿಗೆ ಹೊಸ ಚಿಲಕ ಬಂದಿದೆ. ಸದ್ಯಕ್ಕೆ ಜಟ್ಟೆಮ್ಮನೇ ಒಂದು ಕೈಯಲ್ಲಿ ನಡೆಸುತ್ತಿದ್ದಾಳೆ, ಇನ್ನೊಂದು ಕೈಗೆ ಕಟ್ಟು. ಇಂಜೆಕ್ಷನ್ ಹಾಕಿಸಿಕೊಂಡಿದ್ದಾಳೆ. ಮಕ್ಕಳು ಅರ್ಧಕ್ಕರ್ಧ ಬರುತ್ತಿಲ್ಲ. ಅಲ್ಫಿಯಾ ಬರುತ್ತದಂತೆ. ಆದರೆ ಕೋಣೆಯ ಮಧ್ಯೆ ಕೂರುವುದಿಲ್ಲವಂತೆ, ಗೋಡೆಗೇ ಒರಗಿ ಕೂರುತ್ತದೆ. ಜಿಂಕೆಗಳು ಈಗಲೂ ಬರುತ್ತವೆ. ನಮ್ಮ ಮನೆಯ ಹಿಂದೆ ಎಲೆ ಸರಿದಾಡಿದ ಸದ್ದಾದರೆ ನಾನು ಎದ್ದು ಕೂರುತ್ತೇನೆ.

ನೀನು ಚೆನ್ನಾಗಿರು, ಮಾತ್ರೆ ತಪ್ಪಿಸಬೇಡ. ಭಾವನಿಗೂ ನಿನ್ನ ಮಗ ಸೊಸೆಗೂ ನನ್ನ ನೆನಪು ಹೇಳು. ಎಲ್ಲರಿಗೂ ಒಳ್ಳೆಯದಾಗಲಿ. ನಮ್ಮ ಮನೆಗೂ ಸ್ವಲ್ಪ ನೆಮ್ಮದಿ ಸಿಗಲಿ ಅಂತ ಹರಸು.

ನಿನ್ನ
ಯಮುನಾ

ಮರೆತ ಮಾತು: ಮರೆತದ್ದಲ್ಲ ಅಕ್ಕ. ಬರೆಯಲೋ ಬೇಡವೋ ಅಂತ ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಕಿಟಕಿಯಲ್ಲಿ ಮುಖಗಳೇ ಕಾಣಲಿಲ್ಲ ಅಂತ ಮೇಲೆ ಬರೆದೆ. ಅದು ಸುಳ್ಳು. ಒಂದು ಮುಖ ಕಂಡಿತ್ತು. ನರೇಶ್ ಅಲ್ಲಿದ್ದರು. ಸುದ್ದಿ ಕೇಳಿ ಮಹದೇವಪುರದಲ್ಲಿ ಟ್ಯಾಂಕರ್ ಬಿಟ್ಟು ಓಡಿಬಂದೆ ಅಂತ ಅವರು ಎಲ್ಲರಿಗೂ ಹೇಳುತ್ತಿದ್ದಾರೆ, ಡಾಕ್ಟರಿಗೂ ಹೇಳಿದರು, ಸ್ಫೂರ್ತಿಗೂ ಹೇಳಿದರು. ನಾನು ಜಮಖಾನ ಹಿಡಿದು ಬಿದ್ದಿದ್ದಾಗ ತಲೆಯೆತ್ತಿ ಕಿಟಕಿಯ ಕಡೆ ನೋಡಿದೆ. ಸರಳಿನ ಆಚೆ ಮೊದಲನೆಯ ಸಾಲಿನಲ್ಲೇ ಇದ್ದರು. ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಕೈಯಲ್ಲಿದ್ದ ಫೋನನ್ನು ಅವರು ಕೆಳಗಿಳಿಸಲಿಲ್ಲ. ಊರೆಲ್ಲ ಸುತ್ತಿದ ಆ ವಿಡಿಯೊ ಅವರು ನಿಂತಿದ್ದ ಜಾಗದಿಂದಲೇ ತೆಗೆದದ್ದು. ಅದರಲ್ಲಿ ನಾನು ನೇರವಾಗಿ ನೋಡುತ್ತಿರುವುದು ನನ್ನ ಗಂಡನನ್ನೇ.

ಭಯವಾಯಿತು, ಕಾಲು ಏಳಲಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ. ನಾನೇನು ಕಡಿಮೆ ಹೆದರಿದ್ದೆನಾ? ಅವರು ಹೇಳುತ್ತಿಲ್ಲ. ದಿನಾ ಪಕ್ಕದಲ್ಲಿ ಕೂತು ಬ್ಯಾಂಡೇಜು ಬಿಚ್ಚಿ ಔಷಧಿ ಹಚ್ಚುತ್ತಾರೆ, ಮುಖ ನೋಡುವುದಿಲ್ಲ. ಆ ಕೈ ಮೈಗೆ ತಾಗಿದಾಗ ನನಗೆ ನಡುಕ ಬರುತ್ತದೆ. ನೋವಿಗೆ ಅಂದುಕೊಂಡು, "ಉರೀತಾ?" ಅಂತ ಕೇಳುತ್ತಾರೆ. ಹೂಂ ಅನ್ನುತ್ತೇನೆ. ಕೇಳದೆ ಇರಲಾರೆ, ಅಕ್ಕ. ಆದರೆ ಕೇಳುವ ದಿನ ಈ ಮನೆಯಲ್ಲಿ ನಾನು ಒಬ್ಬಳೇ ಇರಬಾರದು. ಬೇಗ ಬಾ.